ತಿರುಚಿಗೆ ತಡೆ: ಹರಿಹರದ ಲೇತು ಬೆಡ್ಡು ಮತ್ತು ಸ್ಪೋರ್ಟ್ಸ್ ಕಾರಿನ ಚಾಸಿ

ಸ್ಪೋರ್ಟ್ಸ್ ಕಾರಿನ ಚಾಸಿಗೆ ಅಡ್ಡಪಟ್ಟಿ, ಓರೆಪಟ್ಟಿ, ಪೈಪು ಕೂಡಿಸಿ ಬಿಗಿ ಮಾಡುವ ಕೆಲಸ ಗ್ಯಾರೇಜುಗಳಲ್ಲಿ ಬಹುಪಾಲು ಕೈಅಂದಾಜಿನ ಮೇಲೆ ನಡೆಯುತ್ತದೆ. ಆದರೆ ಚಾಸಿ ಎಷ್ಟು ಬಿಗಿಯಾಯಿತು ಎಂಬುದು ಕೂಡಿಸಿದ ಕಬ್ಬಿಣದ ತೂಕಕ್ಕಿಂತ ಅದರ ಆಕಾರ, ಜಾಗ ಮತ್ತು ಜೋಡಣೆಯನ್ನು ನೆಚ್ಚಿಕೊಂಡಿದೆ. ದಾವಣಗೆರೆ–ಹರಿಹರದ ಸೀಮೆಗೆ ಇದು ಹೊಸ ವಿದ್ಯೆಯೇನಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸುಮಾರು ಆರು ದಶಕ ಲೇತುಗಳನ್ನು ತಯಾರಿಸಿತು. ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಮಾದರಿಗಳು ದೇಶದ ವರ್ಕ್‌ಶಾಪುಗಳಿಗೆ ಪರಿಚಿತವಾದವು. ಕಾರ್ಖಾನೆ ಮುಚ್ಚಿದೆ. ಆದರೆ ಲೇತು ತಯಾರಿಸುವವರ ಮುಖ್ಯ ತಾಂತ್ರಿಕ ಸಮಸ್ಯೆಯೂ ತೆರೆದ ಸ್ಪೋರ್ಟ್ಸ್ ಕಾರಿನ ಸಮಸ್ಯೆಯೂ ಒಂದೇ, ತಿರುಚನ್ನು ತಡೆಯುವುದು, ಎಂಬುದನ್ನು ಗಮನಿಸಿದವರು ಕಡಿಮೆ.

ಲೇತಿನ ಬೆಡ್ಡನ್ನು, ಅಂದರೆ ಯಂತ್ರದ ಭಾಗಗಳನ್ನು ಹೊರುವ ಉದ್ದನೆಯ ಅಡಿಪಾಯವನ್ನು, ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಾಗಿ ಎರಕ ಹೊಯ್ದರೆ ಅದು ಸುಲಭಕ್ಕೆ ತಿರುಚುವುದಿಲ್ಲ. ಹಾಗೆ ಮಾಡಲು ಬರುವುದಿಲ್ಲ, ಏಕೆಂದರೆ ಕೊರೆದ ಲೋಹದ ಸುರುಳಿಚೂರು ಕೆಳಕ್ಕೆ ಬೀಳಲು ದಾರಿ ಬೇಕು. ತೆರೆದ ಕಾರಿನಲ್ಲಿ ಆ ಜಾಗ ಕೂರುವವರಿಗೆ ಬೇಕು. ಎರಡರಲ್ಲೂ ಮುಚ್ಚಳವಿಲ್ಲ. ಹೊರಕವಚ ತೆಗೆದ ಬೆಂಕಿಪೊಟ್ಟಣದ ಒಳಡಬ್ಬಿಯನ್ನು ಎರಡೂ ತುದಿಯಲ್ಲಿ ಹಿಡಿದು ತಿರುಚಿದರೆ ಮುಚ್ಚಳದ ಬೆಲೆ ಕೈಗೇ ತಿಳಿಯುತ್ತದೆ. ಲೇತು ವಿನ್ಯಾಸಕಾರರು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಬೆಡ್ಡಿನ ಎರಡು ಗೋಡೆಗಳ ನಡುವೆ ಓರೆಯಾಗಿ ಹಾಯುವ ಪಕ್ಕೆಗಳು. ನೇರ ಅಡ್ಡಪಕ್ಕೆ ಬೆಡ್ಡಿನೊಂದಿಗೆ ತಾನೂ ತಿರುಚಿಕೊಳ್ಳುತ್ತದೆ; ತೆಳು ಪಟ್ಟಿ ತಿರುಚಿಗೆ ಒಡ್ಡುವ ತಡೆ ಅತ್ಯಲ್ಪ. ಓರೆಪಕ್ಕೆಯಾದರೆ ಬೆಡ್ಡು ತಿರುಚಿದಾಗ ತನ್ನ ಎತ್ತರದ ದಿಕ್ಕಿನಲ್ಲಿ ಬಾಗಲೇಬೇಕಾಗುತ್ತದೆ. ಆ ದಿಕ್ಕಿನಲ್ಲಿ ಅದು ಬಲು ಗಟ್ಟಿ. ಕಾರಿನ ಅಡಿಯಲ್ಲಿ ಎಕ್ಸ್ ಆಕಾರದ ಪಟ್ಟಿ ಕೂಡಿಸುವುದರ ಹಿಂದೆಯೂ ಓರೆಯದೇ ಕೆಲಸವಿದೆ. ಅಲ್ಲಿ ಪಟ್ಟಿಗಳು ಎಳೆತ ಮತ್ತು ಒತ್ತಡವನ್ನು ಹೊತ್ತು ಚೌಕಟ್ಟು ಓರೆಯಾಗದಂತೆ ಹಿಡಿಯುತ್ತವೆ.

ಗಟ್ಟಿ ಉಕ್ಕು ಹಾಕಿದರೆ ಚಾಸಿ ಬಿಗಿಯಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸಾದಾ ಉಕ್ಕಿರಲಿ, ದುಬಾರಿ ಮಿಶ್ರಲೋಹದ ಉಕ್ಕಿರಲಿ, ಸ್ಥಿತಿಸ್ಥಾಪಕ ಗುಣಾಂಕ ಹೆಚ್ಚುಕಡಿಮೆ 200–210 ಗಿಗಾಪಾಸ್ಕಲ್. ದುಬಾರಿ ಉಕ್ಕು ಮುರಿಯುವುದು ತಡವಾಗಬಹುದು, ಬಾಗುವುದು ಅಷ್ಟೇ. ಲೇತು ಬೆಡ್ಡಿನ ಬೂದು ಎರಕ ಕಬ್ಬಿಣದ ಗುಣಾಂಕ ಇನ್ನೂ ಕಡಿಮೆ, ಸುಮಾರು 100–130. ಆದರೂ ಬೆಡ್ಡು ಬಿಗಿಯಾಗಿ ನಿಲ್ಲುವುದು ಆಕಾರದಿಂದ. 1896ರಲ್ಲಿ ರುಡಾಲ್ಫ್ ಬ್ರೆಟ್ ಕೊಟ್ಟ ಸೂತ್ರದಿಂದ ಇದನ್ನು ಅಂಕಿಗಳಲ್ಲೇ ನೋಡಬಹುದು. 40 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಕೊಳವೆಯ ತಿರುಚು ಸ್ಥಿರಾಂಕ ಸುಮಾರು 1,09,700 ಮಿ.ಮೀ.⁴. ಅದೇ ಕೊಳವೆಯನ್ನು ಉದ್ದಕ್ಕೂ ಒಂದು ಗೆರೆ ಸೀಳಿದರೆ ಸುಮಾರು 405. ತೂಕ ಹಾಗೇ ಉಳಿದು ಬಿಗಿತ 270 ಪಟ್ಟು ಕುಸಿಯಿತು. ಸಿ-ಚಾನಲ್‌ನ ತೆರೆದ ಬದಿಗೆ ತಗಡು ಮುಚ್ಚಿ ಎರಡೂ ಅಂಚನ್ನು ಉದ್ದಕ್ಕೂ ವೆಲ್ಡ್ ಮಾಡುವುದು ಹತ್ತು ಪಟ್ಟಿ ಕೂಡಿಸುವುದಕ್ಕಿಂತ ಮೇಲು ಎನ್ನಲು ಇದೇ ಆಧಾರ.

ಮುಚ್ಚಳವಿಲ್ಲದ ಕಾರಿಗೆ ವಿನ್ಯಾಸಕಾರರು ಹುಡುಕಿದ ದಾರಿಗಳು ಹಲವು. 1962ರ ಲೋಟಸ್ ಎಲಾನ್‌ನಲ್ಲಿ ನಡುಬೆನ್ನಿನಂಥ ಮುಚ್ಚಿದ ಉಕ್ಕಿನ ಪೆಟ್ಟಿಗೆಯೇ ಚಾಸಿ. 1996ರ ಎಲಿಸ್‌ನಲ್ಲಿ ಅಂಟಿನಿಂದ ಬೆಸೆದ ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ. ಚಾಸಿಯ ತೂಕ ಸುಮಾರು 68 ಕಿಲೊ, ಬಿಗಿತ ಪ್ರತಿ ಡಿಗ್ರಿಗೆ ಸುಮಾರು 10,000 ನ್ಯೂಟನ್-ಮೀಟರ್. ನಮ್ಮ ದೇಶದ ಎರಡು ಆಸನದ ಸ್ಯಾನ್ ಸ್ಟಾರ್ಮ್‌ನ ಮೈ ಫೈಬರ್‌ಗ್ಲಾಸಿನದು. ಅಂಥ ಮೈಯಿಂದ ಹೆಚ್ಚಿನ ನೆರವು ಸಿಗದು, ಭಾರವೆಲ್ಲ ಚೌಕಟ್ಟಿನದು.

ಎಷ್ಟು ಬಿಗಿತ ಸಾಕು? ಮುಂದಿನ ಆಕ್ಸಲ್ಲಿನ ವಾಲು-ತಡೆ ಪ್ರತಿ ಡಿಗ್ರಿಗೆ 600, ಹಿಂದಿನದು 400 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳೋಣ; ತಿರುವಿನಲ್ಲಿ ವಾಲಿಸುವ ಬಲ ಎರಡು ತುದಿಗೂ ಸಮನಾಗಿ ಬೀಳಲಿ. ಚಾಸಿ ಕೊಂಚವೂ ತಿರುಚದಿದ್ದರೆ ಆ ಬಲವನ್ನು ತಡೆಯುವುದರಲ್ಲಿ ಮುಂದಿನ ಆಕ್ಸಲ್ಲಿನ ಪಾಲು ಶೇ. 60. ಚಾಸಿಯ ಬಿಗಿತ 1,000 ಆದರೆ ಆ ಪಾಲು 58.1, 5,000 ಆದರೆ 59.5, 10,000 ಆದರೆ 59.8. ಸಮಪಾಲಿನಿಂದ ಬಯಸಿದ 10 ಅಂಶದ ವ್ಯತ್ಯಾಸದಲ್ಲಿ ಮೊದಲ ಚಾಸಿ ಎಂಟನ್ನಷ್ಟೇ ಕೈಗೆ ಕೊಡುತ್ತದೆ; ಉಳಿದದ್ದನ್ನು ತಿರುಚು ನುಂಗುತ್ತದೆ. ಸ್ಪ್ರಿಂಗ್ ಬದಲಿಸಿದರೂ ಕಾರು ಮಾತು ಕೇಳುತ್ತಿಲ್ಲ ಎಂಬ ಚಾಲಕರ ದೂರಿಗೆ ಇದೂ ಒಂದು ಕಾರಣ. ಇನ್ನೊಂದು ಕಡೆ, 5,000 ದಾಟಿದ ಮೇಲೆ ಈ ಕಾರಿನಲ್ಲಿ ಲಾಭ ತೀರಾ ಸಣ್ಣದು. ಅಲ್ಲಿಂದಾಚೆ ಕೂಡಿಸಿದ ಪೈಪು ಬರೀ ಹೊರೆ.

ಆದ್ದರಿಂದ ಅಳತೆ ಮೊದಲಾಗಬೇಕು. ದಾವಣಗೆರೆಯಲ್ಲಿ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1979ರಿಂದ ಬಾಪೂಜಿ ಸಂಸ್ಥೆಯ ಕಾಲೇಜು ಇವೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಪ್ರಯೋಗವಿದು. ಸ್ಪ್ರಿಂಗುಗಳ ಜಾಗದಲ್ಲಿ ಗಟ್ಟಿ ಸರಳು ಹಾಕಿ, ಹಿಂದಿನ ತುದಿಯನ್ನು ನೆಲಕ್ಕೆ ಬಿಗಿದು, ಮುಂದಿನ ತುದಿಯನ್ನು ನಡುವಿನ ಒಂದೇ ಆಧಾರದ ಮೇಲೆ ನಿಲ್ಲಿಸಬೇಕು. ಒಂದು ಮೀಟರ್ ತೋಳಿನ ತುದಿಗೆ 50 ಕಿಲೊ ತೂಗುಹಾಕಿದರೆ ಸುಮಾರು 490 ನ್ಯೂಟನ್-ಮೀಟರ್ ತಿರುಚು ಸಿಗುತ್ತದೆ. ಬಿಗಿತ 5,000 ಇರುವ ಚಾಸಿಯಲ್ಲಿ, ಒಂದು ಮೀಟರ್ ಅಂತರದಲ್ಲಿಟ್ಟ ಎರಡು ಡಯಲ್ ಗೇಜುಗಳ ನಡುವೆ ಮುಂದಿನ ತುದಿಯಲ್ಲಿ 1.7 ಮಿ.ಮೀ. ವ್ಯತ್ಯಾಸ ಕಾಣುತ್ತದೆ, 0.01 ಮಿ.ಮೀ. ಓದುವ ಗೇಜಿಗೆ ಅದು ದೊಡ್ಡ ಅಳತೆಯೇ. ಚಾಸಿಯ ಉದ್ದಕ್ಕೂ ಹೀಗೆ ಅಳೆದು ನಕ್ಷೆ ಬರೆದರೆ ಗೆರೆ ಎಲ್ಲಿ ಕಡಿದಾಗಿ ಏರುತ್ತದೋ ಅಲ್ಲೇ ಮೆತುವು ಇದೆ. ತೆರೆದ ಕಾರಿನಲ್ಲಿ ಅದು ಸಾಮಾನ್ಯವಾಗಿ ಬಾಗಿಲಿನ ಜಾಗದಲ್ಲಿ ಬರುತ್ತದೆ. ಎಂಜಿನ್ನಿನ ಮೇಲೆ ಎರಡು ಸ್ಟ್ರಟ್ ಟವರ್‌ಗಳ ನಡುವೆ ಹಾಕುವ ಸರಳು ಟವರ್‌ಗಳು ಒಳಕ್ಕೆ ಬಾಗದಂತೆ ಹಿಡಿಯಬಹುದೇ ಹೊರತು ಬಾಗಿಲಿನ ಜಾಗದ ತಿರುಚನ್ನು ಮುಟ್ಟುವುದಿಲ್ಲ. ಎಂಜಿನ್ನನ್ನು ಬಳಸಿ ಹೋಗಲು ಅದನ್ನು ಬಾಗಿಸಿದ್ದರೆ ಆ ಸರಳೇ ಸ್ಪ್ರಿಂಗಿನಂತೆ ಬಗ್ಗುತ್ತದೆ.

ಪಟ್ಟಿ ಕೂಡಿಸಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಭಾರ ಇಳಿಸಿದಾಗ ಗೇಜಿನ ಮುಳ್ಳು ಸೊನ್ನೆಗೆ ಮರಳದಿದ್ದರೆ ಯಾವುದೋ ಜೋಡಣೆ ಜಾರಿದೆ ಎಂದೇ ಅರ್ಥ, ಹೆಚ್ಚಾಗಿ ಬೋಲ್ಟಿಗಿಂತ ದೊಡ್ಡದಾಗಿ ಕೊರೆದ ತೂತಿನಲ್ಲಿ. ಇನ್ನೊಂದು ಪೈಪು ಹುಡುಕುವ ಮುನ್ನ ಆ ತೂತಿಗೆ ರೀಮರ್ ಹಾಯಿಸಿ, ಅದರಲ್ಲಿ ಬಿಗಿಯಾಗಿ ಕೂರುವ ದಪ್ಪ ಬೋಲ್ಟು ಹಾಕಬೇಕು.