ಸಸ್ಯನಾರಿನ ಪಾಲಿಮರ್ ಕಾಂಪೋಸಿಟ್

ಪುಂಡಿ, ಕತ್ತಾಳೆ, ಸೆಣಬು, ಬಾಳೆ, ಹತ್ತಿ ಮೊದಲಾದ ಗಿಡಗಳ ನಾರನ್ನು ರಾಳದೊಳಗೆ ಹುದುಗಿಸಿ ಗಟ್ಟಿಗೊಳಿಸಿದ ವಸ್ತು. ಎಳೆತವನ್ನು ನಾರು ತಾಳಿಕೊಳ್ಳುತ್ತದೆ. ನಾರುಗಳನ್ನು ಹಿಡಿದಿಟ್ಟು ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ರಾಳದ ಕೆಲಸ. ಹೊಟ್ಟು ಕಲಸಿ ತುಳಿದ ಮಣ್ಣಿನಿಂದ ಗೋಡೆ ಮೆತ್ತುವುದನ್ನು ಬಲ್ಲ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಗೆ ಈ ತತ್ವ ಹೊಸದೇನಲ್ಲ. ಮಣ್ಣು ಒಣಗಿ ಕುಗ್ಗುವಾಗ ಬಿರುಕು ಬಾಯಿಬಿಡದಂತೆ ಹೊಟ್ಟು ತಡೆಯುತ್ತದೆ. ಕಾಂಪೋಸಿಟ್‌ನಲ್ಲಿ ಮಣ್ಣಿನ ಜಾಗಕ್ಕೆ ಎಪಾಕ್ಸಿ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಬಂದಿದೆ, ಅಷ್ಟೆ.

ಬಾಗಲಕೋಟೆ ಜಿಲ್ಲೆಯ ಊಟದಲ್ಲಿ ಪುಂಡಿಪಲ್ಯವಾಗಿ ಪರಿಚಿತವಾದ ಪುಂಡಿ, ದಾಸವಾಳದ ಬಳಗದ ಗಿಡ. ಎಲೆ ಅಡುಗೆಗೆ, ದಂಟು ಹಗ್ಗಕ್ಕೆ. ಕೊಯ್ದ ದಂಟನ್ನು ಕಟ್ಟು ಕಟ್ಟಿ ನೀರಲ್ಲಿ ಕೊಳೆಹಾಕಿದರೆ ಸೂಕ್ಷ್ಮಜೀವಿಗಳು ತೊಗಟೆಯ ಪೆಕ್ಟಿನ್ ಅಂಟನ್ನು ಕರಗಿಸುತ್ತವೆ. ಆಮೇಲೆ ಸಿಪ್ಪೆ ಸುಲಿದು, ಬಡಿದು, ತೊಳೆದು ಒಣಗಿಸಿದಾಗ ನಾರು ಕೈಗೆ ಬರುತ್ತದೆ. ಕತ್ತಾಳೆಯದು ಇನ್ನೊಂದು ಬಗೆ: ಅದರ ದಪ್ಪ ಎಲೆಯನ್ನು ಜಜ್ಜಿ, ತಿರುಳು ಹೆರೆದು ನಾರು ತೆಗೆಯುತ್ತಾರೆ. ಎರಡರಲ್ಲೂ ಬಲ ಕೊಡುವುದು ಸೆಲ್ಯುಲೋಸ್.

ಕೈಗಾರಿಕೆಯಲ್ಲಿ ಸಸ್ಯನಾರು ಮತ್ತು ರಾಳದ ಜೋಡಿ ಹಳೆಯದು. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್ ಪೆಡಸಾಗಿ ಒಡೆಯದಂತೆ ಅದಕ್ಕೆ ಮರದ ಹಿಟ್ಟು ಬೆರೆಸುತ್ತಿದ್ದರು. ಪೂರ್ವ ಜರ್ಮನಿಯ ಟ್ರಬಾಂಟ್ ಕಾರಿನ ಹೊರಮೈ ಹತ್ತಿಯ ನಾರು ಮತ್ತು ಫಿನಾಲಿಕ್ ರಾಳದ್ದು. ಇದರ ನಡುವೆಯೇ ಗಾಜಿನ ನಾರು ಮುಂದೆ ಬಂತು. ಶುದ್ಧ ಬಲದಲ್ಲಿ ಸಸ್ಯನಾರು ಅದಕ್ಕೆ ಸಾಟಿಯಲ್ಲ. ಆದರೆ ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ, ಸಸ್ಯನಾರಿನದು ಸುಮಾರು 1.4 ಗ್ರಾಂ. ಹಗುರವಾಗಿರಬೇಕಾದ, ಅತಿಭಾರ ಹೊರಬೇಕಿಲ್ಲದ ಕಾರಿನ ಬಾಗಿಲಿನ ಒಳಹಲಗೆಯಂಥ ಕಡೆ ಇದೇ ಲಾಭ.

ಕಾಂಪೋಸಿಟ್ ಸೋಲುವುದು ಸಾಮಾನ್ಯವಾಗಿ ನಾರಿನಲ್ಲಲ್ಲ, ನಾರು ಮತ್ತು ರಾಳದ ನಡುವಿನ ಬೆಸುಗೆಯಲ್ಲಿ. ಇಳಕಲ್ಲಿನ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ; ಆ ಕೂಡಿಕೆ ಸಡಿಲವಾದರೆ ಒಡಲೂ ಸೆರಗೂ ಬೇರೆ ಬೇರೆ. ಕಾಂಪೋಸಿಟ್‌ನಲ್ಲಿ ನಾರು ನೀರನ್ನು ಹೀರುವಂಥದ್ದು, ರಾಳ ನೀರನ್ನು ದೂರವಿಡುವಂಥದ್ದು. ಹಾಗಾಗಿ ಇವು ತಾವಾಗಿ ಒಗ್ಗುವುದಿಲ್ಲ. ಸುಮಾರು ಶೇ. 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನಾರನ್ನು ನೆನೆಸಿ ತೊಳೆದರೆ ಮೇಲಿನ ಮೇಣ, ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್ ಹೋಗಿ ಮೈ ತರಿತರಿಯಾಗುತ್ತದೆ, ರಾಳಕ್ಕೆ ಹಿಡಿತ ಸಿಗುತ್ತದೆ. ಹೆಚ್ಚು ಹೊತ್ತು ನೆನೆದರೆ ನಾರೇ ಸವೆಯುತ್ತದೆ. ಸಿಲೇನ್ ಎಂಬ ರಾಸಾಯನಿಕದ ಲೇಪನ ಇನ್ನೊಂದು ದಾರಿ.

ಬೆಸುಗೆಯಷ್ಟೇ ಅಲ್ಲ, ರಾಳವನ್ನೂ ಬಲಪಡಿಸಲು ಅದರೊಳಗೆ ನ್ಯಾನೊಕಣಗಳನ್ನು ಬೆರೆಸುತ್ತಾರೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಯ್ಯುವಾಗ ಬೀಳುವ ಪುಡಿ ಎಷ್ಟೇ ನುಣುಪಾಗಿ ಕಂಡರೂ ಅದರ ಕಣಗಳನ್ನು ಮೈಕ್ರೊಮೀಟರಿನಲ್ಲಿ ಅಳೆಯಬೇಕು. ನ್ಯಾನೊಮೀಟರ್ ಮೈಕ್ರೊಮೀಟರಿನ ಸಾವಿರದಲ್ಲೊಂದು ಭಾಗ. ಮಾಂಟ್‌ಮೊರಿಲ್ಲೊನೈಟ್ ಎಂಬ, ಹೀಗೆ ಬೆರೆಸುವ ಜೇಡಿಯ ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೊಮೀಟರ್. ಪದರಗಳು ಪೂರ್ತಿ ಬಿಡಿಸಿಕೊಂಡರೆ ಒಂದೇ ಗ್ರಾಂ ಜೇಡಿಯ ಮೈಹರವು ಸುಮಾರು 750 ಚದರ ಮೀಟರ್. ಅಷ್ಟು ಮೈ ಇರುವುದರಿಂದಲೇ ತೂಕದಲ್ಲಿ ಶೇ. 1ರಿಂದ 5ರಷ್ಟು ಬೆರೆಸಿದರೂ ಪರಿಣಾಮ ಕಾಣುತ್ತದೆ. ರಾಳದ ಬಿಗಿ ಹೆಚ್ಚುತ್ತದೆ, ಬಿರುಕು ಸುತ್ತಿ ಬಳಸಿ ಸಾಗಬೇಕಾಗುತ್ತದೆ, ನೀರು ಒಳಗೆ ಇಳಿಯುವುದು ತಡವಾಗುತ್ತದೆ. ಮಿತಿ ಮೀರಿದರೆ ಕಣಗಳು ಗಂಟುಗಟ್ಟುತ್ತವೆ. ಹಿಟ್ಟಿನ ಗಂಟಿನಂತೆ ಉಳಿದ ಅಂಥ ಜಾಗದಿಂದಲೇ ಬಿರುಕು ಶುರುವಾಗುತ್ತದೆ. ಕಣಗಳನ್ನು ಬಿಡಿಸಿ ಹರಡಲು ಶ್ರವಣಾತೀತ ಧ್ವನಿಯ ಕಂಪನ ಬಳಸುತ್ತಾರೆ. ಕಾರ್ಬನ್ ನ್ಯಾನೊಕೊಳವೆ, ನ್ಯಾನೊಸಿಲಿಕಾ, ಸಸ್ಯದಿಂದಲೇ ತೆಗೆದ ನ್ಯಾನೊಸೆಲ್ಯುಲೋಸ್ ಕೂಡ ಬಳಕೆಯಲ್ಲಿವೆ.

ತಯಾರಿಕೆಯ ಸರಳ ವಿಧಾನವೆಂದರೆ ಅಚ್ಚಿನಲ್ಲಿ ನಾರು ಹಾಸಿ, ರಾಳ ಸವರಿ, ರೋಲರ್ ಎಳೆದು ಗಾಳಿಗುಳ್ಳೆ ಹೊರಗೆ ತಳ್ಳುವುದು. ನಾರಿನಲ್ಲಿ ತೇವ ಉಳಿದಿದ್ದರೆ ಗುಳ್ಳೆ ತಪ್ಪದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಾರು ಕಪ್ಪಾಗಿ ಬಲ ಕಳೆದುಕೊಳ್ಳುವುದರಿಂದ ಹೆಚ್ಚಿನ ಶಾಖ ಬೇಡುವ ಪ್ಲಾಸ್ಟಿಕ್ಕುಗಳಿಗೆ ಇದು ಹೊಂದುವುದಿಲ್ಲ. ಗಿಡದ ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ನಾರಿನ ಬಲ ಬದಲಾಗುವುದು ಇನ್ನೊಂದು ತೊಡಕು. ನಾರು ಮಣ್ಣಲ್ಲಿ ಕೊಳೆಯುತ್ತದೆ ಎಂದು ಇಡೀ ವಸ್ತುವನ್ನು ಪರಿಸರಸ್ನೇಹಿ ಎನ್ನುವುದು ಅವಸರದ ಮಾತು. ಸುತ್ತಲಿನ ಎಪಾಕ್ಸಿ ಕೊಳೆಯುವುದಿಲ್ಲ.

ಕರ್ನಾಟಕದಲ್ಲಿ ಪ್ರಯೋಗಾಲಯ ದಾಟಿ ಮನೆಯ ಮೇಲೇರಿದ ಸಸ್ಯನಾರಿನ ಕಾಂಪೋಸಿಟ್‌ಗೆ ಒಂದು ಉದಾಹರಣೆ ಬಿದಿರು ಚಾಪೆಯ ಅಲೆತಗಡು. ಬೆಂಗಳೂರಿನ ಭಾರತೀಯ ಪ್ಲೈವುಡ್ ಉದ್ದಿಮೆಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಅಭಿವೃದ್ಧಿಪಡಿಸಿದ ಈ ಹೊದಿಕೆಗೆ, ಕೈಯಿಂದ ಹೆಣೆದ ಚಾಪೆಗಳನ್ನು ರಾಳದಲ್ಲಿ ಅದ್ದಿ, ಒಣಗಿಸಿ, ಒಂದರ ಮೇಲೊಂದು ಪೇರಿಸಿ, ಅಲೆಯಾಕಾರದ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ.