ತಣ್ಣನೆಯ ಪ್ಲಗ್, ಬಿಸಿ ಎಂಜಿನ್: ಕೊಪ್ಪದ ಒಂದು ಮಳೆಗಾಲದ ಬೆಳಗು

ಇವತ್ತು ಅಂಗೈಯಲ್ಲಿ ಹಿಡಿಸುವ ಒಂದು ಸಾಮಾನಿನ ಚರಿತ್ರೆ ಹೇಳ್ತೀನಿ. ಅದು ಸ್ಪಾರ್ಕ್ ಪ್ಲಗ್. ಅದಕ್ಕೂ ಮೊದಲು ನನ್ನದೇ ಒಂದು ಪೆದ್ದುತನ ಒಪ್ಪಿಕೊಳ್ಳಬೇಕು.

ನಮ್ಮ ಮನೆ ಕೊಪ್ಪದ ಹತ್ತಿರ. ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರೊಂದನ್ನು ತಗೊಂಡೆ. ಅಷ್ಟಕ್ಕೇ ಸುಮ್ಮನಿರಲಿಲ್ಲ, ಎಂಜಿನ್‌ನ ಕಂಪ್ಯೂಟರ್ ಟ್ಯೂನ್ ಮಾಡಿಸಿ ಪವರ್ ಸ್ವಲ್ಪ ಏರಿಸಿದೆ. ‘ಟರ್ಬೊ ಟ್ಯೂನ್ ಮಾಡಿದ್ರೆ ಕೋಲ್ಡ್ ಪ್ಲಗ್ ಹಾಕಬೇಕು’ ಅಂತ ಸ್ನೇಹಿತರು ಹೇಳಿದ್ರು. ಒಂದು ಮೆಟ್ಟಿಲು ಕೋಲ್ಡ್ ಒಳ್ಳೇದಾದ್ರೆ ಎರಡು ಮೆಟ್ಟಿಲು ಇನ್ನೂ ಒಳ್ಳೇದು ಅಂದ್ಕೊಂಡು ಎರಡು ಮೆಟ್ಟಿಲು ಇಳಿಸಿಯೇ ಹಾಕಿದೆ.

ಜುಲೈ ತಿಂಗಳ ಒಂದು ಬೆಳಗಿನ ಜಾವ, ಹೊರಗೆ ಧೋ ಅಂತ ಮಳೆ, ಅಪ್ಪನಿಗೆ ಎದೆನೋವು ಬಂತು. ಕೀ ತಿರುಗಿಸಿದೆ. ಎಂಜಿನ್ ಕೊರಕೊರ ಅಂತು, ಹೊತ್ತಿಕೊಳ್ಳಲಿಲ್ಲ. ಐದು ಸಲ, ಆರು ಸಲ. ಕೊನೆಗೆ ಪಕ್ಕದ ತೋಟದವರ ಹಳೇ ಡೀಸೆಲ್ ಜೀಪಿನಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಿದೆವು. ಅಪ್ಪ ಉಳಿದರು. ಮನೆಗೆ ಬಂದು ಪ್ಲಗ್ ಬಿಚ್ಚಿ ನೋಡಿದರೆ ಎಲ್ಲವೂ ಕಾವಲಿಯ ತಳದಂತೆ ಕಪ್ಪು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಗೊತ್ತಲ್ಲ? ಅವತ್ತು ನಮ್ಮನ್ನು ಕಾಪಾಡಿದ್ದು ಅದೇ.

ಹಾಗಾದ್ರೆ ಈ ‘ಕೋಲ್ಡ್’ ಅಂದ್ರೆ ಏನು? ಕಿಡಿ ತಣ್ಣಗಿರುತ್ತೆ ಅಂತ ಅಲ್ಲ. ಪ್ಲಗ್‌ನ ಮೂತಿಯಲ್ಲಿ ಬಿಳೀ ಪಿಂಗಾಣಿ ಇದೆಯಲ್ಲ, ಅದು ಗಿಡ್ಡ ಇದ್ದರೆ ಬಿಸಿ ಬೇಗ ಲೋಹಕ್ಕೆ ಹರಿದು ಹೋಗುತ್ತೆ. ಅದು ಕೋಲ್ಡ್ ಪ್ಲಗ್. ಉದ್ದ ಇದ್ದರೆ ಬಿಸಿ ಅಲ್ಲೇ ಉಳಿಯುತ್ತೆ. ಅದು ಹಾಟ್ ಪ್ಲಗ್. ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನಾಗಿಯೇ ಸುಟ್ಟುಹೋಗುತ್ತೆ. 850 ಡಿಗ್ರಿಯ ಆಸುಪಾಸು ಮೀರಿದರೆ ಮೂತಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು, ಪಿಸ್ಟನ್‌ಗೆ ತೂತು ಬೀಳಬಹುದು. ಈ ಎರಡು ಗೆರೆಗಳ ನಡುವೆ ಇರೋದೇ ಪ್ಲಗ್‌ನ ಬದುಕು.

ಈಗ ಸ್ವಲ್ಪ ಹಿಂದೆ ಹೋಗೋಣ. 1860ರಲ್ಲಿ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನನ್ನು ವಿದ್ಯುತ್ ಕಿಡಿಯಿಂದ ಓಡಿಸಿದ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಪ್ಲಗ್ ಎರಡನ್ನೂ ಜೋಡಿಯಾಗಿ ತಂದ. ಇನ್ನೊಂದು ಕಡೆ, 1905ರಲ್ಲಿ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಟರ್ಬೊಗೆ ಪೇಟೆಂಟ್ ಪಡೆದ. ಹೊಗೆಯ ವೇಗದಿಂದಲೇ ಚಕ್ರ ತಿರುಗಿಸಿ ಎಂಜಿನ್‌ಗೆ ಜಾಸ್ತಿ ಗಾಳಿ ತುರುಕುವ ಉಪಾಯ ಅದು. ಜಾಸ್ತಿ ಗಾಳಿ, ಜಾಸ್ತಿ ಇಂಧನ, ಜಾಸ್ತಿ ಬಿಸಿ. ಪ್ಲಗ್‌ನ ತಲೆನೋವು ಹೆಚ್ಚಿದ್ದು ಅಲ್ಲಿಂದ.

ನಮ್ಮ ನಾಡಿಗೂ ಟರ್ಬೊ ಬಂದಿದ್ದು ಕಾರಿನಲ್ಲಿ ಅಲ್ಲ, ಆಕಾಶದಿಂದ. 1940ರಲ್ಲಿ ಬೆಂಗಳೂರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳ ರಿಪೇರಿ ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳಲ್ಲಿ ಸುಮಾರು 40ನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದು ಸರಿಮಾಡಿ ವಾಯುಸೇನೆಗೆ ಕೊಟ್ಟರು. 1948ರಿಂದ ಅವು ಸೇವೆಗೆ ಸೇರಿದವು, 1968ರವರೆಗೂ ಹಾರಿದವು. ಒಂದೊಂದು ವಿಮಾನಕ್ಕೂ ಟರ್ಬೊ ಇರುವ ನಾಲ್ಕು ಎಂಜಿನ್. ಒಂದೊಂದು ಎಂಜಿನ್‌ಗೂ 14 ಸಿಲಿಂಡರ್, ಸಿಲಿಂಡರಿಗೆ ಎರಡು ಪ್ಲಗ್. ಲೆಕ್ಕ ಹಾಕಿ: ಒಂದು ವಿಮಾನಕ್ಕೆ 112 ಪ್ಲಗ್! ನಾನು ನನ್ನ ನಾಲ್ಕನ್ನೇ ಸರಿಯಾಗಿ ಆರಿಸಲಿಲ್ಲ.

ಇಂಥ ಎಂಜಿನ್‌ಗಳ ಕಷ್ಟ ಏನು ಗೊತ್ತಾ? ನೆಲದ ಮೇಲೆ ನಿಧಾನವಾಗಿ ಓಡುವಾಗ ಪ್ಲಗ್ ತಣ್ಣಗಾಗಿ ಮಸಿ ಹಿಡಿಯುತ್ತೆ, ಪೂರಾ ಶಕ್ತಿಯಲ್ಲಿ ಓಡುವಾಗ ಕಾದು ಹೋಗುತ್ತೆ. ಅದಕ್ಕೇ ಪೈಲಟ್‌ಗಳು ಮೇಲೇಳುವ ಮುಂಚೆ ಎಂಜಿನ್ ಏರಿಸಿ ಎರಡೂ ಸಾಲಿನ ಕಿಡಿ ಪರೀಕ್ಷೆ ಮಾಡುತ್ತಿದ್ದರು. ಆ ಕಾಲದ ಗ್ರಾನ್ ಪ್ರಿ ರೇಸ್‌ಗಳಲ್ಲಿ ಇನ್ನೊಂದು ರೂಢಿ ಇತ್ತು. ಮೆಕ್ಯಾನಿಕ್‌ಗಳು ಹಾಟ್ ಪ್ಲಗ್ ಹಾಕಿ ಎಂಜಿನ್ ಬೆಚ್ಚಗೆ ಮಾಡಿ, ರೇಸ್ ಶುರುವಾಗುವ ಮುಂಚೆ ಅದನ್ನು ಬಿಚ್ಚಿ ಕೋಲ್ಡ್ ಪ್ಲಗ್ ಹಾಕುತ್ತಿದ್ದರು. ನೋಡಿ, ರೇಸ್‌ನವರಿಗೂ ಕೋಲ್ಡ್ ಪ್ಲಗ್ ಬೇಕಾಗಿದ್ದು ರೇಸ್ ಹೊತ್ತಿಗೆ ಮಾತ್ರ.

ಮಲೆನಾಡಿನ ಮನೆಗಳಿಗೆ ಈ ಪಾಠ ಕಲಿಸಿದ್ದು ವಿಮಾನ ಅಲ್ಲ, ಮೈಸೂರಿನ ಬೈಕು. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿ ತಯಾರಿಸಿತು. ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲ್ ಜೊತೆ ಆಯಿಲ್ ಬೆರೆಸಬೇಕು, ಹಾಗಾಗಿ ಪ್ಲಗ್‌ಗೆ ಮಸಿ ಹಿಡಿಯೋದು ಮಾಮೂಲು. ನಮ್ಮಪ್ಪ ಯೆಜ್ಡಿಯಲ್ಲಿ ಶೃಂಗೇರಿಗೆ ಹೋಗುವಾಗ ಜೇಬಲ್ಲಿ ಒಂದು ಪ್ಲಗ್, ಒಂದು ಪಾನಾ, ಒಂದು ಚೂರು ಉಪ್ಪುಕಾಗದ ಇಟ್ಟುಕೊಂಡೇ ಹೊರಡುತ್ತಿದ್ದರು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಕಾರ್ಖಾನೆ ಇತ್ತು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಅನ್ನೋ ಹೆಸರಿಗೆ ಬದಲಾಯ್ತು. ನಮ್ಮ ಕಡೆ ಪ್ಲಗ್ ಅಂದ್ರೆ ಮೈಕೊ ಅಂತಲೇ ಆಗಿತ್ತು.

ಇಲ್ಲೇ ಒಂದು ಗುಂಡಿ ಇದೆ, ಹುಷಾರು. ಬಾಷ್‌ನ ಹಳೇ ನಂಬರ್‌ಗಳಲ್ಲಿ 175ಕ್ಕಿಂತ 225 ಕೋಲ್ಡ್. ಹೊಸ ನಂಬರ್‌ಗಳಲ್ಲಿ ಲೆಕ್ಕ ತಿರುಗಿತು: 7ಕ್ಕಿಂತ 5 ಕೋಲ್ಡ್. ಜಪಾನಿನ ಎನ್‌ಜಿಕೆಯಲ್ಲಿ ಮತ್ತೆ ಉಲ್ಟಾ: 6ಕ್ಕಿಂತ 7 ಕೋಲ್ಡ್. ಒಂದು ಕಂಪನಿಯ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಕೋಲ್ಡ್ ಅಂದುಕೊಂಡು ಹಾಟ್ ಪ್ಲಗ್ ತಂದಿರ್ತೀರಿ. ಟರ್ಬೊ ಎಂಜಿನ್‌ನಲ್ಲಿ ಆ ತಪ್ಪಿನ ಬೆಲೆ ಒಂದು ಪಿಸ್ಟನ್.

ಹಾಗಾದ್ರೆ ಆರಿಸೋದು ಹೇಗೆ? ಎನ್‌ಜಿಕೆ ಹೇಳುವ ಅಂದಾಜು ಹೀಗಿದೆ: ಎಂಜಿನ್‌ಗೆ 75ರಿಂದ 100 ಎಚ್‌ಪಿ ಸೇರಿದರೆ ಒಂದು ಮೆಟ್ಟಿಲು ಕೋಲ್ಡ್. ಒಂದು ಮೆಟ್ಟಿಲಿಗೆ ಮೂತಿಯ ಬಿಸಿ 70ರಿಂದ 100 ಡಿಗ್ರಿ ಇಳಿಯುತ್ತೆ. ನಾನು ಏರಿಸಿದ್ದು ಅದರ ಅರ್ಧವೂ ಇಲ್ಲ, ಇಳಿಸಿದ್ದು ಮಾತ್ರ ಎರಡು ಮೆಟ್ಟಿಲು! ಇನ್ನೊಂದು ವಿಷಯ, ಬೂಸ್ಟ್ ಜಾಸ್ತಿಯಾದಾಗ ಕಿಡಿ ಹಾರೋದು ಕಷ್ಟ, ಅದಕ್ಕೆ ಪ್ಲಗ್‌ನ ಗ್ಯಾಪ್ ಸ್ವಲ್ಪ ಕಿರಿದು ಮಾಡ್ತಾರೆ. ಎಷ್ಟೋ ಸಲ ಟ್ಯೂನ್ ಮಾಡಿದ ಕಾರು ತಡವರಿಸೋದು ಗ್ಯಾಪ್‌ನಿಂದ. ನಾವು ಬೈಯೋದು ಮಾತ್ರ ಪ್ಲಗ್‌ನ ನಂಬರನ್ನ.

ಪವರ್ ಎಷ್ಟು ಅನ್ನೋದಕ್ಕಿಂತ ಕಾರು ದಿನಾ ಹೇಗೆ ಓಡುತ್ತೆ ಅನ್ನೋದೂ ಅಷ್ಟೇ ಮುಖ್ಯ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆಯುತ್ತಲ್ಲ, ಅಲ್ಲಿ ಕಿಲೋಮೀಟರ್‌ಗಟ್ಟಲೆ ಎಂಜಿನ್ ಪೂರಾ ಬೂಸ್ಟ್‌ನಲ್ಲಿರುತ್ತೆ. ಅಲ್ಲಿ ಕೋಲ್ಡ್ ಪ್ಲಗ್ ಬೇಕು. ನನ್ನ ಕಾರು ಓಡೋದು ಕೊಪ್ಪ ಪೇಟೆಗೆ, ಶೃಂಗೇರಿಯ ಅತ್ತೆ ಮನೆಗೆ, ಅಡಿಕೆ ಕೆಲಸಕ್ಕೆ ನರಸಿಂಹರಾಜಪುರಕ್ಕೆ. ತಿರುವು, ಗುಂಡಿ, ಮಳೆ, ಮುಂದೊಂದು ಲಾರಿ. ಎಂಜಿನ್ ಪೂರ್ತಿ ಬಿಸಿಯಾಗೋ ಹೊತ್ತಿಗೆ ಊರು ಬಂದಿರುತ್ತೆ. ಅಂಥ ಓಡಾಟದಲ್ಲಿ ನನ್ನ ಪ್ಲಗ್ ಮೂತಿ ಆ 450 ಡಿಗ್ರಿ ನೋಡಿದ್ದೇ ಅಪರೂಪ ಇರಬೇಕು. ಮಸಿ ದಿನಾ ಕೂರ್ತಾ ಹೋಯ್ತು, ಮಳೆಯ ಆ ಬೆಳಗಿನ ಜಾವ ಲೆಕ್ಕ ಚುಕ್ತಾ ಮಾಡ್ತು.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಕಪ್ಪು ಪ್ಲಗ್‌ಗಳನ್ನು ಅವರ ಮುಂದೆ ಇಟ್ಟೆ. ಬೈತಾರೆ ಅಂದ್ಕೊಂಡಿದ್ದೆ. ಒಂದನ್ನು ಕೈಗೆ ತಗೊಂಡು, ಕನ್ನಡಕ ಮೇಲೇರಿಸಿ, ಮೂತಿ ನೋಡಿ, ‘ಯಾವ ದಾರಿಗೆ ಹಾಕಿದ್ಯೋ ಇದನ್ನ?’ ಅಂದರು. ಯಾವ ಕಾರಿಗೆ ಅಂತ ಕೇಳಲಿಲ್ಲ, ಯಾವ ದಾರಿಗೆ ಅಂತ ಕೇಳಿದರು.

ಈಗ ಕಂಪನಿ ಹೇಳಿದ ನಂಬರಿನ ಪ್ಲಗ್ಗೇ ಹಾಕಿದೀನಿ. ಟ್ಯೂನನ್ನೂ ಮೊದಲಿನಂತೆ ಮಾಡಿಸಿದೆ. ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಒಂದು ಪಾನಾ, ಒಂದು ಸೆಟ್ ಹೊಸ ಪ್ಲಗ್ ಇದೆ. ಉಪ್ಪುಕಾಗದ ಮಾತ್ರ ಅಪ್ಪನ ಹತ್ತಿರವೇ ಇದೆ. ನೀವೂ ಪ್ಲಗ್ ಬದಲಾಯಿಸೋ ಮುಂಚೆ ಹಳೇದನ್ನು ಬಿಚ್ಚಿ, ಬೆಳಕಿಗೆ ಹಿಡಿದು ಅದರ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಅದನ್ನು ಅದರ ಪಾಡಿಗೆ ಬಿಡಿ.