ಚೀಸು, ಈರುಳ್ಳಿ ಮತ್ತು ಮಹಾಯುದ್ಧ

ಇತಿಹಾಸವನ್ನು ನಾವು ಅರಮನೆಯಲ್ಲಿ, ರಣರಂಗದಲ್ಲಿ ಹುಡುಕುವುದೇ ಹೆಚ್ಚು. ಅಡಿಗೆಯ ಮನೆಯತ್ತ ಕಣ್ಣು ಹಾಯಿಸುವುದು ಕಡಮೆ. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಚೀಸ್-ಈರುಳ್ಳಿ ‘ಪೈ’ಯನ್ನೇ ನೋಡಿ. ಬೆಣ್ಣೆ ಬೆರೆಸಿ ಕಲಸಿದ ಮೈದಾಹಿಟ್ಟಿನ ಕಣಕ. ಅದರೊಳಗೆ ಮೆತ್ತಗೆ ಬೇಯಿಸಿದ ಈರುಳ್ಳಿ, ಪುಡಿಮಾಡಿದ ಚೀಸು ಸೇರಿದ ಹೂರಣ. ಮೇಲೆ ಕಣಕದ್ದೇ ಮುಚ್ಚಳ. ಓವನ್ನಿನಲ್ಲಿಟ್ಟು ಹೊಂಬಣ್ಣ ಬರುವವರೆಗೆ ಬೇಯಿಸಿದರಾಯಿತು. ಮಾಂಸ ಬೇಡದ, ಸಾಮಾನ್ಯರ ತಿನಿಸು.

1940ರಲ್ಲಿ ಫ್ರಾನ್ಸ್ ಜರ್ಮನರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಈರುಳ್ಳಿ ನಿಂತಿತು. 1941ರಲ್ಲಿ ಚೀಸಿಗೂ ರೇಷನ್ ಬಂದಿತು: ಮೊದಲಿಗೆ ಆಳೊಂದಕ್ಕೆ ವಾರಕ್ಕೆ ಒಂದೇ ಔನ್ಸ್! ಮಾಂಸದ ಪಾಲನ್ನು ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೆ ಹೆಚ್ಚಿನ ಪಾಲು. ಸರಕಾರವು ಕತ್ತರಿಸಿ ಹಂಚಲು, ಬಹುಕಾಲ ಇಡಲು ಅನುಕೂಲವಾದ ಗಟ್ಟಿ ಚೀಸನ್ನೇ ಹೆಚ್ಚಾಗಿ ಮಾಡಿಸಿತು. ಬೆರಳಿಗೆ ಪುಡಿಯಾಗುವ ಲ್ಯಾಂಕಷೈರಿನ ಚೀಸು ಮೂಲೆಗೆ ಸರಿಯಿತು. ತಲೆಮಾರುಗಳ ಕೈಹದವೂ ಅದರೊಡನೆ ಸೊರಗಿತು.

ಯುದ್ಧ ಮುಗಿದದ್ದು 1945ರಲ್ಲಿ. ಚೀಸಿನ ರೇಷನ್ ತೊಲಗಿದ್ದು 1954ರಲ್ಲಿ. ಗೆದ್ದ ನಾಡಿನ ಗೃಹಿಣಿ ಮನದಣಿಯೆ ಚೀಸು ತುಂಬಿ ಪೈ ಮಾಡಲು ಮತ್ತೂ ಒಂಬತ್ತು ವರ್ಷ ಕಾಯಬೇಕಾಯಿತು. ವಿಜಯದ ಬೆಲೆಯನ್ನು ಬರೆಯುವಾಗ ಈ ಔನ್ಸುಗಳ ಲೆಕ್ಕವನ್ನೂ ಸೇರಿಸಬೇಕೆಂದೇ ನನ್ನ ಅಭಿಪ್ರಾಯ.